ಎಲ್ಲರಿಗೂ ತೆರೆದಿಟ್ಟ ಫೋಲ್ಡರು

ಫ್ಲಾಪಿ ಹಿಡಿದು ಮೇಜಿನಿಂದ ಮೇಜಿಗೆ ಓಡಾಡಿದ ದಿನಗಳನ್ನು ನಮ್ಮ ಕಚೇರಿಗಳು ಇನ್ನೂ ಮರೆತಿಲ್ಲ. 1992ರಲ್ಲಿ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’, 1995ರಲ್ಲಿ ವಿಂಡೋಸ್ 95 ಬಂದಾಗ ಸಿಕ್ಕ ಭರವಸೆ ಆ ಓಡಾಟ ತಪ್ಪುತ್ತದೆ ಎಂಬುದು. ದುಬಾರಿ ಸರ್ವರ್ ಬೇಡ, ಇರುವ ಕಂಪ್ಯೂಟರುಗಳನ್ನೇ ಒಂದು ಕೇಬಲ್‌ನಿಂದ ಬೆಸೆದರೆ ಸಾಕು. ಡಿಟಿಪಿ ಕೇಂದ್ರಗಳು, ಆಡಿಟರ್ ಕಚೇರಿಗಳು, ಸಣ್ಣ ಮುದ್ರಣಾಲಯಗಳು ಈ ಮಾತನ್ನು ನಂಬಿದವು. ನಂಬಿದ್ದಕ್ಕೆ ಫಲವೂ ಸಿಕ್ಕಿತು. ಆದರೆ ಅಂದಿನ ಕಾವಲು ವ್ಯಕ್ತಿಗಲ್ಲ, ಫೋಲ್ಡರಿಗೆ. ಓದಲು ಒಂದು ಪಾಸ್‌ವರ್ಡ್, ತಿದ್ದಲು ಇನ್ನೊಂದು; ವಾರ ಕಳೆಯುವುದರೊಳಗೆ ಎರಡೂ ಇಡೀ ಕಚೇರಿಗೆ ಬಾಯಿಪಾಠ. ಕಡತ ಅಳಿಸಿಹೋದರೆ ಅಳಿಸಿದವರು ಯಾರೆಂದು ಕೇಳುವಂತೆಯೇ ಇರಲಿಲ್ಲ. ಪಾಸ್‌ವರ್ಡಿನ ಮೊದಲ ಅಕ್ಷರವೊಂದನ್ನೇ ಊಹಿಸಿ ಒಳನುಗ್ಗಬಹುದಾದ ದೋಷ ಆ ವ್ಯವಸ್ಥೆಯಲ್ಲಿತ್ತು ಎಂಬುದು ಬಯಲಾಗಿ, ತಿದ್ದುಪಡಿ ಹೊರಬರುವಷ್ಟರಲ್ಲಿ 2000ನೇ ಇಸವಿ ಬಂದಿತ್ತು.

ಸರಿಯಾದ ದಾರಿ ಅಷ್ಟರಲ್ಲಾಗಲೇ ಸಿದ್ಧವಿತ್ತೆಂಬುದೇ ನೋವಿನ ಸಂಗತಿ. 1993ರ ವಿಂಡೋಸ್ ಎನ್‌ಟಿ ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಕೊಟ್ಟಿತು. ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪಟ್ಟಿಯನ್ನು ಪ್ರತಿ ಕಡತಕ್ಕೂ ಅಂಟಿಸಿತು. ನೆಟ್‌ವರ್ಕ್‌ನಲ್ಲಿ ಬರುವವರಿಗೆ ಶೇರ್ ಅನುಮತಿ ಹೊರಬಾಗಿಲು, ಎನ್‌ಟಿಯ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಅನುಮತಿ ಒಳಕೋಣೆಯ ಬಾಗಿಲು. ಎರಡರಲ್ಲಿ ಯಾವುದು ಬಿಗಿಯೋ ಅದರ ಮಾತೇ ನಡೆಯುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಹೊಸದಾಗಿ ಶೇರ್ ಮಾಡಿದ ಫೋಲ್ಡರಿಗೆ ಎನ್‌ಟಿಯೇ ‘ಎವ್ರಿಒನ್ – ಫುಲ್ ಕಂಟ್ರೋಲ್’ (ಎಲ್ಲರಿಗೂ ಪೂರ್ಣ ಹಿಡಿತ) ಎಂದು ಬರೆದು ಕೊಡುತ್ತಿತ್ತು. ಫೈಲ್ ತೆರೆಯುತ್ತಿಲ್ಲ ಎಂಬ ದೂರಿಗೆ ಹಾರ್ಡ್‌ವೇರ್ ಹುಡುಗರು ಒಳಬಾಗಿಲಿಗೂ ಅದನ್ನೇ ಬರೆದು ಹೋದರು. ದೂರು ನಿಂತಿತು, ಕಾವಲೂ ಹೋಯಿತು. 2001ರ ಸೆಪ್ಟೆಂಬರ್‌ನಲ್ಲಿ ನಿಮ್ಡಾ ಎಂಬ ವರ್ಮ್ ಹೀಗೆ ತೆರೆದಿಟ್ಟ ಫೋಲ್ಡರುಗಳ ಮೂಲಕವೂ ಹಬ್ಬಿತು. ಹೊಸ ಶೇರ್‌ಗೆ ಮೊದಲಿಗೆ ಓದುವ ಅನುಮತಿ ಮಾತ್ರ ಎಂಬ ವಿವೇಕ ಮೂಡಿದ್ದು ಆಮೇಲೆ, ವಿಂಡೋಸ್ ಸರ್ವರ್ 2003ರ ಹೊತ್ತಿಗೆ.

ಮನೆಗಳ ಕಥೆ ಬೇರೆ. ವಿಂಡೋಸ್ ಎಕ್ಸ್‌ಪಿಯ ‘ಸಿಂಪಲ್ ಫೈಲ್ ಶೇರಿಂಗ್’ ನೆಟ್‌ವರ್ಕ್‌ನಿಂದ ಬಂದವರೆಲ್ಲರನ್ನೂ ಗೆಸ್ಟ್ ಎಂದೇ ಎಣಿಸಿತು. ಅಪ್ಪನಿಗೂ ಮಗನಿಗೂ ಅಲ್ಲಿ ಭೇದವಿಲ್ಲ. 2009ರಲ್ಲಿ ವಿಂಡೋಸ್ 7ರ ಹೋಮ್‌ಗ್ರೂಪ್ ಬಂದಾಗ ಮನೆಮಂದಿಯ ಫೋಟೋ, ಹಾಡು, ಪ್ರಿಂಟರ್ ಒಂದೇ ಪಾಸ್‌ವರ್ಡಿನಲ್ಲಿ ಒಗ್ಗೂಡಿದವು. ಸಾಮಾನ್ಯರಿಗೆ ನಿಜಕ್ಕೂ ಎಟುಕಿದ ಸೌಲಭ್ಯವದು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ಕಿತ್ತುಹಾಕಿ, ಕ್ಲೌಡ್ ಬಳಸಿ ಎಂದರು. ಆ ದಾರಿ ಹಿಡಿದರೆ ಮನೆಯ ಎರಡು ಕೋಣೆಗಳ ನಡುವಿನ ಫೋಟೋ ದೂರದ ಯಾವುದೋ ಸರ್ವರ್ ಮುಟ್ಟಿ ಬರಬೇಕು. ಇದನ್ನು ಪ್ರಗತಿ ಎನ್ನಲು ನಮಗೆ ಮನಸ್ಸಿಲ್ಲ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವರ್ಮ್ ಹಬ್ಬಿದ್ದು ಕಡತ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1ರ ದೋಷದಿಂದ. ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಬಂದಿತ್ತು. ಅಲ್ಲಿಂದೀಚೆಗೆ ವಿಂಡೋಸ್ ಬಿಗಿಯಾಗುತ್ತಲೇ ಬಂದಿದೆ. ಎಸ್‌ಎಂಬಿ 1 ಈಗ ತಾನಾಗಿ ಬರುವುದಿಲ್ಲ, ಗೆಸ್ಟ್ ಪ್ರವೇಶಕ್ಕೂ ಕಡಿವಾಣ ಬಿದ್ದಿದೆ. ಇದು ದೊಡ್ಡ ಗಳಿಕೆ. ಎಸ್‌ಎಂಬಿ 1 ಮಾತ್ರ ಬಲ್ಲ ಹಳೆಯ ಸ್ಕ್ಯಾನರುಗಳು ಮೂಲೆ ಸೇರಿದ್ದು ಅದರ ಬೆಲೆ. ಆದರೆ ‘ಎವ್ರಿಒನ್’ ಸಾಯಲಿಲ್ಲ, ‘ಲಿಂಕ್ ಇರುವ ಯಾರಾದರೂ’ ಎಂಬ ರೂಪದಲ್ಲಿ ಕ್ಲೌಡ್ ಸೇರಿತು. ಮೊದಲು ಕಚೇರಿಯ ನಾಲ್ಕು ಗೋಡೆಯೊಳಗಿದ್ದ ಉದಾಸೀನ ಈಗ ಊರಾಚೆಗೂ ತೆರೆದುಕೊಂಡಿದೆ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಕಚೇರಿಯ ಮುಖ್ಯ ಫೋಲ್ಡರಿನ ಅನುಮತಿ ಪಟ್ಟಿಯನ್ನು ಈ ವಾರ ಒಮ್ಮೆ ತೆರೆದು ನೋಡಿ. ಕೆಲಸ ಬಿಟ್ಟು ಹೋದವರ ಹೆಸರು ತೆಗೆಯಿರಿ. ಒಬ್ಬೊಬ್ಬರಿಗೆ ಕೊಡುವ ಬದಲು ಗುಂಪಿಗೆ ಅನುಮತಿ ಕೊಡಿ. ದಿನದ ಕೆಲಸಕ್ಕೆ ‘ಮಾಡಿಫೈ’ ಸಾಕು. ‘ಫುಲ್ ಕಂಟ್ರೋಲ್’ ಇದ್ದವರು ಅನುಮತಿಗಳನ್ನೇ ಬದಲಿಸಬಲ್ಲರು, ಅದು ಹೊಣೆ ಹೊತ್ತ ಒಬ್ಬಿಬ್ಬರಲ್ಲಿ ಮಾತ್ರ ಇರಲಿ.