ಕಬ್ಬಿನ ಬೆಲೆಗೆ 1986ರ ಅಳತೆಗೋಲು

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಹಗಲಿರುಳೆನ್ನದೆ ರಸ್ತೆಯಲ್ಲೇ ಕೂತರು. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂಬುದು ಅವರ ಪಟ್ಟು. ಮುಖ್ಯಮಂತ್ರಿ ಕಾರ್ಖಾನೆ ಮಾಲೀಕರ ಜೊತೆಗೂ ರೈತ ಮುಖಂಡರ ಜೊತೆಗೂ ಮಾತಾಡಿ 3,300ಕ್ಕೆ ತೀರ್ಮಾನಿಸಿದರು. ಆ ವಾರವಿಡೀ ನಡೆದ ವಾದ ತಪ್ಪು ರಾಜ್ಯದ್ದೋ ಕೇಂದ್ರದ್ದೋ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ನಮ್ಮ ಕಬ್ಬಿನ ಬೆಲೆಯ ಮೇಲೆ ಮೂರನೆಯವರ ಕಣ್ಣೂ ಇದೆ, ಅವರು ಜಿನೀವಾದಲ್ಲಿ ಕೂತಿದ್ದಾರೆ, ಹೀಗೆ ಬೆಲೆ ಕಟ್ಟುವುದೇ ನಿಯಮಬಾಹಿರ ಎಂದು ಆಗಲೇ ತೀರ್ಪು ಬರೆದಿಟ್ಟಿದ್ದಾರೆ ಎಂಬ ಸಂಗತಿ ಆ ಗದ್ದಲದಲ್ಲಿ ಕಿವಿಗೆ ಬಿದ್ದದ್ದು ಬಹಳ ಕಡಿಮೆ.

ಆ ತೀರ್ಪು ಬಂದದ್ದು 2021ರ ಡಿಸೆಂಬರ್ 14ರಂದು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ಮೇಲೆ ದಾವೆ ಹೂಡಿದ್ದವು. 2014–15ರಿಂದ 2018–19ರವರೆಗಿನ ಐದೂ ಹಂಗಾಮುಗಳಲ್ಲಿ ಭಾರತ ತನ್ನ ಕಬ್ಬು ಬೆಳೆಗಾರರಿಗೆ ಮಿತಿ ಮೀರಿ ಬೆಂಬಲ ಕೊಟ್ಟಿದೆ ಎಂದು ವಿಚಾರಣಾ ಸಮಿತಿ ಹೇಳಿತು. ಮಿತಿ ಎಂದರೆ ಬೆಳೆಯ ಒಟ್ಟು ಮೌಲ್ಯದ ಶೇ 10. ಕೇಂದ್ರ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿಯನ್ನು ಕೊಡುವುದು ಕಾರ್ಖಾನೆ, ಸರ್ಕಾರವಲ್ಲ. ಬೊಕ್ಕಸದಿಂದ ಹಣ ಹೋಗಿಲ್ಲ, ಸರ್ಕಾರ ಒಂದು ಜಲ್ಲೆ ಕಬ್ಬನ್ನೂ ಕೊಂಡಿಲ್ಲ ಎಂದು ಭಾರತ ವಾದಿಸಿತು. ಸಮಿತಿ ಒಪ್ಪಲಿಲ್ಲ. ಕೊಳ್ಳುವವನು ಇಷ್ಟಕ್ಕಿಂತ ಕಡಿಮೆ ಕೊಡಬಾರದೆಂದು ಸರ್ಕಾರ ಹೇಳಿದರೆ ಸಾಕು, ಅದೂ ಸಬ್ಸಿಡಿಯೇ ಎಂಬುದು ಅದರ ನಿಲುವು. ಸಕ್ಕರೆ ರಫ್ತಿಗೆ ಕೊಟ್ಟ ಸಬ್ಸಿಡಿಯೂ ತಪ್ಪೆಂದು ಅದೇ ತೀರ್ಪು ಹೇಳಿತು. ಆ ಭಾಗದ ಬಗ್ಗೆ ನನ್ನ ತಕರಾರಿಲ್ಲ. ಸರ್ಕಾರದ ಹಣದಲ್ಲಿ ಸಕ್ಕರೆಯನ್ನು ಅಗ್ಗ ಮಾಡಿ ಇನ್ನೊಬ್ಬರ ಮಾರುಕಟ್ಟೆಗೆ ಸುರಿಯುವುದು ಸರಿಯಲ್ಲ. ಬೆಳೆಗಾರನಿಗೆ ಕನಿಷ್ಠ ಬೆಲೆ ಗೊತ್ತುಮಾಡುವುದು ಬೇರೆ ಮಾತು.

ಮಿತಿ ಮೀರಿದ ಬೆಂಬಲ ಪಡೆದ ಈ ರೈತ ಯಾರು? ಕಬ್ಬು ಕೊಟ್ಟ 14 ದಿನದಲ್ಲಿ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದ್ದರೂ ಬಾಕಿಗಾಗಿ ಕಾರ್ಖಾನೆ ಗೇಟಿನ ಮುಂದೆ ತಿಂಗಳುಗಟ್ಟಲೆ ನಿಲ್ಲುವವನು. 2025–26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಟನ್‌ಗೆ 3,550. ಹಾಗಿದ್ದೂ ಆತ 3,500 ಕೇಳಿ ಬೀದಿಗೆ ಬಂದ. ಯಾಕೆಂದರೆ ಕಟಾವು ಮತ್ತು ಸಾಗಣೆಯ ಖರ್ಚನ್ನು ಕಾರ್ಖಾನೆ ಅದರಲ್ಲೇ ಮುರಿದುಕೊಳ್ಳುತ್ತದೆ. ಕಬ್ಬಿನಲ್ಲಿ ಸಕ್ಕರೆ ಇಳುವರಿ ಶೇ 10.25 ಬಂದರಷ್ಟೇ ಆ ದರ. ಇಳುವರಿ ಎಷ್ಟೆಂದು ಅಳೆಯುವುದೂ ಕಾರ್ಖಾನೆಯೇ, ಕಬ್ಬು ತೂಗುವ ತಕ್ಕಡಿಯೂ ಕಾರ್ಖಾನೆಯದ್ದೇ. ಇದೆಲ್ಲ ಕಳೆದು ಕೈಗೆ ಬಂದ ಹಣವನ್ನೇ ಜಾಗತಿಕ ವ್ಯಾಪಾರವನ್ನು ಕೆಡಿಸುವ ಬೆಂಬಲ ಎಂದು ನಿಯಮ ಕರೆಯುತ್ತದೆ.

ಇದು ಹೇಗೆ ಸಾಧ್ಯವಾಯಿತು ಎಂದು ಅರ್ಥವಾಗಬೇಕಾದರೆ ಲೆಕ್ಕದ ಪುಸ್ತಕ ತೆರೆಯಬೇಕು. 1995ರ ಜನವರಿ 1ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದ ಪ್ರಕಾರ, ಸರ್ಕಾರ ಘೋಷಿಸಿದ ಬೆಲೆಯನ್ನು ಇಂದಿನ ಮಾರುಕಟ್ಟೆ ಬೆಲೆಯ ಪಕ್ಕ ಇಟ್ಟು ನೋಡುವುದಿಲ್ಲ. 1986ರಿಂದ 88ರವರೆಗಿನ ಸರಾಸರಿ ಅಂತರರಾಷ್ಟ್ರೀಯ ಬೆಲೆಯ ಪಕ್ಕ ಇಡುತ್ತಾರೆ. ನಡುವಿನ ವ್ಯತ್ಯಾಸವೇ ಸಬ್ಸಿಡಿ.

ಅಕ್ಕಿಯ ಉದಾಹರಣೆ ನೋಡಿ. ಭಾರತದ ಅಕ್ಕಿಗೆ ಆ ಹಳೆಯ ಬೆಲೆ ಟನ್‌ಗೆ 262.51 ಡಾಲರ್. 2018–19ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,750 ರೂಪಾಯಿ. ಅಕ್ಕಿಯ ಲೆಕ್ಕಕ್ಕೆ ತಂದರೆ, ಆಗಿನ ಡಾಲರ್ ದರದಲ್ಲಿ, ಟನ್‌ಗೆ ಸುಮಾರು 375 ಡಾಲರ್. ಆ ವರ್ಷ ಥಾಯ್ಲೆಂಡ್, ವಿಯೆಟ್ನಾಂ ಅಕ್ಕಿಯೂ ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿ ಮಾರಾಟವಾಗುತ್ತಿತ್ತು. ಅಂದರೆ ನಮ್ಮ ರೈತನಿಗೆ ಸಿಕ್ಕಿದ್ದು ಲೋಕದ ಬೆಲೆಯೇ. ಆದರೆ ನಿಯಮದ ಲೆಕ್ಕದಲ್ಲಿ ಟನ್‌ಗೆ ನೂರಕ್ಕೂ ಹೆಚ್ಚು ಡಾಲರ್ ಸಬ್ಸಿಡಿ ಹುಟ್ಟಿಕೊಂಡಿತು. ಸರ್ಕಾರ ಖರೀದಿಸಿದ ಕೋಟ್ಯಂತರ ಟನ್‌ಗೆ ಅದನ್ನು ಗುಣಿಸಿದಾಗ ಮೊತ್ತ 500 ಕೋಟಿ ಡಾಲರ್‌ಗೆ ಏರಿತು. ಬೆಳೆಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್. ಶೇ 10ರ ಗೆರೆ ದಾಟಿತು. 1987ರ ಸುಮಾರಿಗೆ ಡಾಲರ್‌ಗೆ 13 ರೂಪಾಯಿ ಇತ್ತು. ಆಮೇಲೆ ಡೀಸೆಲ್, ಗೊಬ್ಬರ, ಕೂಲಿ ಎಲ್ಲಿಗೆ ಹೋದವು ಎಂಬುದು ಹೊಲಕ್ಕೆ ಕಾಲಿಟ್ಟ ಎಲ್ಲರಿಗೂ ಗೊತ್ತು. ವಿಪರೀತ ಹಣದುಬ್ಬರವಿದ್ದರೆ ಅದನ್ನು ಪರಿಗಣಿಸಬೇಕೆಂದು ಅದೇ ಒಪ್ಪಂದದ 18.4ನೇ ವಿಧಿ ಹೇಳುತ್ತದೆ. ಭಾರತಕ್ಕೆ ಅದರಿಂದ ರಕ್ಷಣೆ ಸಿಕ್ಕಿಲ್ಲ.

2013ರಲ್ಲಿ ಸಂಸ್ಥೆಯ ಬಾಲಿ ಸಮ್ಮೇಳನದಲ್ಲಿ ಸಿಕ್ಕ ‘ಶಾಂತಿ ಷರತ್ತಿ’ನಿಂದಾಗಿ ಅಕ್ಕಿಯ ವಿಚಾರದಲ್ಲಿ ಯಾರೂ ನಮ್ಮ ಮೇಲೆ ದಾವೆ ಹೂಡುವಂತಿಲ್ಲ. ಆದರೆ ಅದು ಆಹಾರ ದಾಸ್ತಾನಿಗೆ, ಅದೂ 2013ಕ್ಕೆ ಮೊದಲೇ ಇದ್ದ ಯೋಜನೆಗಳಿಗೆ ಮಾತ್ರ. ಕಬ್ಬಿಗೆ ಆ ಆಶ್ರಯವಿಲ್ಲ. ಶಾಶ್ವತ ಪರಿಹಾರ ಕೊಡುತ್ತೇವೆಂದು ಆಗ ಕೊಟ್ಟ ಮಾತು ನೈರೋಬಿ, ಬ್ಯೂನಸ್ ಐರಿಸ್, ಜಿನೀವಾ, ಅಬುಧಾಬಿ ಸಮ್ಮೇಳನಗಳನ್ನು ದಾಟಿದರೂ ಈಡೇರಲಿಲ್ಲ.

ಇನ್ನು ಶ್ರೀಮಂತ ದೇಶಗಳ ಪುಟ. ಒಪ್ಪಂದ ಬರೆಯುವ ಹೊತ್ತಿಗೆ ಯಾರು ಭಾರೀ ಸಬ್ಸಿಡಿ ಕೊಡುತ್ತಿದ್ದರೋ ಅವರಿಗೆ ಅದನ್ನು ಸ್ವಲ್ಪ ಇಳಿಸಿ ಉಳಿದದ್ದನ್ನು ಹಕ್ಕಾಗಿ ಇಟ್ಟುಕೊಳ್ಳಲು ಬಿಟ್ಟರು. ಅಮೆರಿಕಕ್ಕೆ ಹೀಗೆ ಸಿಕ್ಕ ಹಕ್ಕು ವರ್ಷಕ್ಕೆ 1,910 ಕೋಟಿ ಡಾಲರ್; ಯುರೋಪ್ ಒಕ್ಕೂಟಕ್ಕೆ 7,200 ಕೋಟಿ ಯೂರೊಗೂ ಹೆಚ್ಚು. ಅಂದು ಕೊಡಲು ಕೈಯಲ್ಲಿ ಕಾಸಿಲ್ಲದ ಭಾರತದಂಥ ದೇಶಗಳಿಗೆ ಈ ಹಕ್ಕು ಸೊನ್ನೆ. ಶೇ 10ರ ಕನಿಷ್ಠ ಅವಕಾಶವಷ್ಟೇ ಗತಿ. ಅಂದಿನ ಬಡತನವನ್ನೇ ಇಂದಿನ ಮಿತಿಯಾಗಿ ಬರೆದುಕೊಟ್ಟ ಒಪ್ಪಂದವಿದು.

ಆಹಾರ ನೆರವಿನಲ್ಲೂ ಇದೇ ಭೇದ. ಅಮೆರಿಕ ತನ್ನ ನಾಲ್ಕು ಕೋಟಿ ಬಡವರಿಗೆ ಫುಡ್ ಸ್ಟ್ಯಾಂಪ್ ಕೊಡುತ್ತದೆ. ಅವರು ಅಂಗಡಿಯಲ್ಲಿ ಮಾರುಕಟ್ಟೆ ಬೆಲೆಗೆ ಆಹಾರ ಕೊಳ್ಳುತ್ತಾರೆ. ಅದು ‘ಹಸಿರು ಪೆಟ್ಟಿಗೆ’ಯ ಖರ್ಚು, ಅದಕ್ಕೆ ಮಿತಿಯೇ ಇಲ್ಲ. ನಾವು ಬಡವರಿಗೆ ಹಂಚಲೆಂದು ನಮ್ಮದೇ ರೈತನಿಂದ ಘೋಷಿತ ಬೆಲೆಗೆ ಭತ್ತ ಕೊಂಡರೆ ಅದು ವ್ಯಾಪಾರ ಕೆಡಿಸುವ ಸಬ್ಸಿಡಿ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸಿನ ಹಸಿವು ಬೇರೆ ಜಾತಿಯದೇ?

ಹತ್ತಿಯ ಕಥೆ ಇನ್ನೂ ಕೆಟ್ಟದ್ದು. ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ 2002ರಲ್ಲಿ ದಾವೆ ಹೂಡಿ ಗೆದ್ದಿತು. ಅಮೆರಿಕ ಸಬ್ಸಿಡಿಯನ್ನು ಪೂರ್ತಿ ನಿಲ್ಲಿಸಿತೇ? ಇಲ್ಲ. ಬ್ರೆಜಿಲ್ ಪ್ರತೀಕಾರದ ಸುಂಕ ಹಾಕದಿರಲಿ ಎಂದು 2010ರಿಂದ ವರ್ಷಕ್ಕೆ 14.73 ಕೋಟಿ ಡಾಲರ್ ಲೆಕ್ಕದಲ್ಲಿ ಬ್ರೆಜಿಲ್‌ನ ಹತ್ತಿ ಬೆಳೆಗಾರರಿಗೆ ಹಣ ಕೊಡಲು ಒಪ್ಪಿತು. 2014ರಲ್ಲಿ ಇನ್ನೂ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಅದೇ ಸಬ್ಸಿಡಿಯಿಂದ ಬೆಲೆ ಕುಸಿದು ಪೆಟ್ಟು ತಿಂದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು 2003ರಲ್ಲೇ ಕಾನ್‌ಕುನ್ ಸಮ್ಮೇಳನದಲ್ಲಿ ಅಳಲು ತೋಡಿಕೊಂಡಿದ್ದವು. ಪ್ರತೀಕಾರದ ಬಲವಿಲ್ಲದ ಆ ದೇಶಗಳ ಬೆಳೆಗಾರರಿಗೆ ಅಂಥ ಪರಿಹಾರ ಬರಲಿಲ್ಲ. ವಿದೇಶಿ ವಿನಿಮಯಕ್ಕೆ ಹತ್ತಿಯನ್ನೇ ನಂಬಿದ ದೇಶಕ್ಕೆ ಹತ್ತಿಯ ಬೆಲೆ ಬಿದ್ದರೆ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲಕ್ಕೂ ದುಡ್ಡು ನಿಲ್ಲುತ್ತದೆ. ಬಡದೇಶದ ಬೆಳವಣಿಗೆಯನ್ನು ವ್ಯಾಪಾರ ನಿಯಮ ತಡೆಯುವುದು ಹೀಗೆ.

ಬೆಂಬಲ ಬೆಲೆಯೇ ಕೆಟ್ಟ ಅರ್ಥಶಾಸ್ತ್ರ, ಅದರಿಂದಲೇ ರೈತ ನೀರು ಕುಡಿಯುವ ಕಬ್ಬು ಬಿಡುತ್ತಿಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಕಬ್ಬಿನ ನೀರಿನ ಬಗ್ಗೆ ಅವರ ಮಾತು ನಿಜ. ಮಳೆ ಕೈಕೊಟ್ಟ ವರ್ಷ ಮಂಡ್ಯದ ನಾಲೆಗಳನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಜೋಳಕ್ಕೆ, ರಾಗಿಗೆ, ತೊಗರಿಗೆ ರೈತ ಹೊರಳಬೇಕಾದರೂ ಆ ಬೆಳೆಗಳಿಗೆ ನಂಬಿಕೆಯ ಬೆಲೆ ಬೇಕು, ಸರ್ಕಾರದ ಖರೀದಿ ಬೇಕು. ಹಾಗೆ ಮಾಡಹೊರಟರೆ ಅಡ್ಡ ಬರುವುದು ಅದೇ 1986ರ ಅಳತೆಗೋಲು. ಬೆಳೆ ಬದಲಿಸುವ ತೀರ್ಮಾನ ನಾವು ಮಾಡಬೇಕು, ಪೈಪೋಟಿಯಲ್ಲಿರುವ ಬ್ರೆಜಿಲ್ ಅಲ್ಲ. ಜಪಾನ್, ದಕ್ಷಿಣ ಕೊರಿಯಾ ತಮ್ಮ ಅಕ್ಕಿ ಬೆಳೆಗಾರರನ್ನು ದಶಕಗಳ ಕಾಲ ಎತ್ತರದ ಗೋಡೆ ಕಟ್ಟಿ ಕಾಪಾಡಿಕೊಂಡೇ ಕೈಗಾರಿಕಾ ದೇಶಗಳಾದವು. ಹಳ್ಳಿಯ ಕೈಯಲ್ಲಿ ಕಾಸಿದ್ದರೆ ಸಂತೆ ನಡೆಯುತ್ತದೆ, ತಾಲ್ಲೂಕು ಪೇಟೆಯ ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಗ್ಯಾರೇಜು, ಪೈಪು ಮೋಟಾರು ಮಾರುವವನ ಮಳಿಗೆ ನಡೆಯುತ್ತವೆ. ನಮ್ಮಂಥ ದೇಶದಲ್ಲಿ ಬೆಳವಣಿಗೆ ಶುರುವಾಗುವ ಜಾಗ ಅದು.

ಎಲ್ಲ ತಪ್ಪನ್ನೂ ಜಿನೀವಾದ ತಲೆಗೆ ಕಟ್ಟಿದರೆ ನಮ್ಮ ದೊರೆಗಳು ಸಲೀಸಾಗಿ ಪಾರಾಗುತ್ತಾರೆ. ಅದಕ್ಕೂ ನಾನು ಒಪ್ಪುವುದಿಲ್ಲ. ಎಣ್ಣೆಕಾಳಿನ ಕಥೆಯನ್ನೇ ನೋಡಿ. ಚಳ್ಳಕೆರೆಯನ್ನು ಎಣ್ಣೆ ನಗರಿ ಎನ್ನುತ್ತಿದ್ದ ಕಾಲವಿತ್ತು. ಸುತ್ತಲಿನ ಶೇಂಗಾ ಅಲ್ಲಿನ ಮಿಲ್ಲುಗಳಿಗೆ ಬರುತ್ತಿತ್ತು. ರಾಯಚೂರು, ಕೊಪ್ಪಳ, ಗದಗದ ಎರೆಭೂಮಿ ಸೂರ್ಯಕಾಂತಿಯಿಂದ ತುಂಬಿರುತ್ತಿತ್ತು. 1986ರ ಎಣ್ಣೆಕಾಳು ಮಿಷನ್‌ನಿಂದ ದೇಶ 90ರ ದಶಕದ ಮೊದಲ ಭಾಗದಲ್ಲಿ ಸ್ವಾವಲಂಬನೆಯ ಹತ್ತಿರ ಬಂದಿತ್ತು. 1994ರಲ್ಲಿ ತಾಳೆಎಣ್ಣೆ ಆಮದನ್ನು ಮುಕ್ತಗೊಳಿಸಿ, ಶೇ 65ರಷ್ಟಿದ್ದ ಸುಂಕವನ್ನು 1998ರ ಹೊತ್ತಿಗೆ ಶೇ 15ಕ್ಕೆ ಇಳಿಸಿದರು. ತಾಳೆಎಣ್ಣೆಗೆ ಶೇ 300ರವರೆಗೆ ಸುಂಕ ಹಾಕಲು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮವೇ ನಮಗೆ ಅವಕಾಶ ಕೊಟ್ಟಿತ್ತು. ದಿಲ್ಲಿ ತಾನಾಗಿಯೇ ಬಾಗಿಲು ತೆಗೆಯಿತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಇಂದು ದೇಶದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಆಮದು. ಇಷ್ಟಾದ ಮೇಲೂ 2025ರ ಮೇ ತಿಂಗಳಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಲಾಯಿತು.

ಹಾಗಾದರೆ ವಿಶ್ವ ವ್ಯಾಪಾರ ಸಂಸ್ಥೆಯಿಂದ ಹೊರಬರೋಣವೇ? ಬೇಡ. ನಿಯಮವೇ ಇಲ್ಲದ ವ್ಯಾಪಾರ ಹೇಗಿರುತ್ತದೆಂದು 2025ರ ಆಗಸ್ಟ್‌ನಲ್ಲಿ ಕಂಡೆವು. ಅಮೆರಿಕದ ಅಧ್ಯಕ್ಷರು ಮೊದಲು ಶೇ 25, ಆಮೇಲೆ ಇನ್ನೂ ಶೇ 25 ಸುಂಕವನ್ನು ನಮ್ಮ ಸರಕಿನ ಮೇಲೆ ಹೇರಿದರು. ಕೇಳಲು ಮೇಲ್ಮನವಿ ಪೀಠವೇ ಇರಲಿಲ್ಲ. ಅದರ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದದ್ದರಿಂದ 2019ರ ಡಿಸೆಂಬರ್‌ನಿಂದ ಆ ಪೀಠ ಕೆಲಸ ಮಾಡುತ್ತಿಲ್ಲ. ಕಬ್ಬಿನ ತೀರ್ಪಿನ ವಿರುದ್ಧ ಭಾರತ ಹಾಕಿದ ಮೇಲ್ಮನವಿಯೂ ಅಲ್ಲೇ ಕೂತಿದೆ. ಸದ್ಯಕ್ಕೆ ನಮ್ಮ ಬೆಳೆಗಾರ ಉಳಿದಿರುವುದು ಈ ಪಾಳುಬಿದ್ದ ಪೀಠದ ದೆಸೆಯಿಂದ, ನ್ಯಾಯದಿಂದಲ್ಲ. ಪೀಠ ನಾಳೆ ಮತ್ತೆ ತುಂಬಿದರೆ ಎಫ್‌ಆರ್‌ಪಿಯ ಬುಡಕ್ಕೇ ಬೆಂಕಿ ಬೀಳುತ್ತದೆ.

ಆದ್ದರಿಂದ ಹಳೆಯ ಬೆಲೆಯ ಲೆಕ್ಕವನ್ನು ಕಿತ್ತುಹಾಕುವವರೆಗೆ ಬೇರೆ ಯಾವ ವಿಷಯದಲ್ಲೂ ಭಾರತ ಮಣಿಯಬಾರದು. ಆಫ್ರಿಕದ ದೇಶಗಳನ್ನು ಜೊತೆಗಿಟ್ಟುಕೊಂಡೇ ಈ ಹೋರಾಟ ನಡೆಯಬೇಕು. ಅದಕ್ಕೆ ನಮ್ಮ ನಡತೆಯೂ ನೆಟ್ಟಗಿರಬೇಕು. 2023ರ ಜುಲೈಯಲ್ಲಿ ನಾವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ಏಕಾಏಕಿ ನಿಷೇಧಿಸಿದಾಗ ಭಾರತದ ಅಕ್ಕಿಯನ್ನೇ ನಂಬಿದ್ದ ಬಡದೇಶಗಳು ತತ್ತರಿಸಿದವು. ಬಡದೇಶಗಳ ಪರ ಮಾತಾಡುವ ದೇಶ ಅವರ ಅನ್ನದ ಬಗ್ಗೆ ಮುಂಚಿತವಾಗಿ ಒಂದು ಮಾತು ಹೇಳುವುದನ್ನು ಕಲಿಯಬೇಕು.

ತೊಂಬತ್ತರ ದಶಕದ ಮೊದಲಲ್ಲಿ ರೈತ ನಾಯಕ ಎಂ.ಡಿ. ನಂಜುಂಡಸ್ವಾಮಿಯವರು ಈ ಒಪ್ಪಂದಕ್ಕೆ ತಳಹದಿಯಾದ ಡಂಕೆಲ್ ಪ್ರಸ್ತಾವದ ವಿರುದ್ಧ ಹಸಿರು ಶಾಲಿನ ರೈತರನ್ನು ಬೀದಿಗಿಳಿಸಿದಾಗ ಪ್ರಗತಿಗೆ ಅಡ್ಡಗಾಲು ಎಂದು ಅವರನ್ನು ಜರೆದವರು ಬಹಳ ಮಂದಿ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿದೇಶಿ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿಯ ಮೇಲೆ ನಡೆದ ದಾಳಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರೈತನ ಬದುಕಿನ ತೀರ್ಮಾನವನ್ನು ರೈತನಿಗೆ ತಿಳಿಸದೆ ಮಾಡಬೇಡಿ ಎಂಬ ಅವರ ತಕರಾರು ಇಂದಿಗೂ ಹಾಗೇ ನಿಂತಿದೆ. ಕೃಷಿ ರಾಜ್ಯಪಟ್ಟಿಯ ವಿಷಯ. ಆದರೂ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕೇಂದ್ರ ಸರ್ಕಾರ ರುಜು ಹಾಕುವ ಮೊದಲು ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ, ಸಂಸತ್ತಿನ ಅನುಮೋದನೆಯೂ ಕಡ್ಡಾಯವಲ್ಲ.

ರಾಜ್ಯದ ಶಾಸಕರು ಈ ವಿಷಯವನ್ನು ವಿಧಾನಮಂಡಲದಲ್ಲಿ ಎತ್ತಲಿ. ಕಬ್ಬು, ಹತ್ತಿ, ಎಣ್ಣೆಕಾಳು, ಹಾಲಿಗೆ ಸಂಬಂಧಿಸಿದ ಯಾವುದೇ ವ್ಯಾಪಾರ ಒಪ್ಪಂದದ ಕರಡನ್ನು ಸಹಿಗೆ ಮೊದಲು ಕನ್ನಡದಲ್ಲಿ ಪ್ರಕಟಿಸಿ ಸದನದ ಮುಂದಿಡಬೇಕೆಂದು ನಿರ್ಣಯ ಮಾಡಿ ದಿಲ್ಲಿಗೆ ಕಳಿಸಲಿ. ನಮ್ಮ ಸಂಸದರು ಪಕ್ಷಭೇದ ಮರೆತು ಅದಕ್ಕೆ ದನಿಗೂಡಿಸಲಿ. ನಿಮ್ಮ ಕ್ಷೇತ್ರದ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಈ ಮಾತನ್ನು ದಯವಿಟ್ಟು ನೀವೂ ಕೇಳಿ.