ಗುರುದಕ್ಷಿಣೆ

ಗ್ರಂಥಗಳನ್ನು ಬರೆದವರನ್ನು ಲೋಕವು ನೆನೆಯುತ್ತದೆ. ಬರೆಯುವವರನ್ನು ಬೆಳೆಸಿದವರನ್ನು ಮರೆಯುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಈ ಎರಡನೆಯ ಪಂಕ್ತಿಯವರು. 1885ರಲ್ಲಿ ಚಿತ್ರದುರ್ಗ ಸೀಮೆಯ ತಳುಕಿನಲ್ಲಿ ಜನಿಸಿದ ಅವರು ತಾವು ಬರೆದದ್ದು ಸ್ವಲ್ಪ; ಶಿಷ್ಯರನ್ನು ಬರವಣಿಗೆಗೆ ಹಚ್ಚಿದ್ದು ಬಹಳ.

ಆ ಶಿಷ್ಯರಲ್ಲೊಬ್ಬರಾದ ಕುವೆಂಪು ಅವರು 1936ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆರಂಭಿಸಿದರು. ಅದು ಮುಗಿಯುವುದಕ್ಕೆ ಮುನ್ನವೇ, 1939ರಲ್ಲಿ, ಗುರುಗಳು ತೀರಿಕೊಂಡರು. ಹತ್ತು ವರ್ಷಗಳ ಅನಂತರ, 1949ರಲ್ಲಿ, ಕಾವ್ಯದ ಮೊದಲನೆಯ ಸಂಪುಟವು ಅಚ್ಚಾಗಿ ಬಂದಿತು. ಅದು ಅರ್ಪಿತವಾಗಿದ್ದುದು ಆ ಗುರುಗಳಿಗೇ. ಕಣ್ಮರೆಯಾದವರಿಂದ ಪ್ರತಿಫಲವನ್ನು ಬಯಸುವಂತಿಲ್ಲ. ಆದುದರಿಂದಲೇ ಅದು ನಿಜವಾದ ಗುರುದಕ್ಷಿಣೆ.

ವಾಚಕರೇ, ನಿಮಗೆ ವಿದ್ಯೆಯನ್ನಿತ್ತವರು ಇನ್ನೂ ಬದುಕಿದ್ದರೆ, ಇಂದೇ ಹೋಗಿ ಕಂಡು ಬನ್ನಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.