ಕುಡಿಕೆ ಹೊನ್ನಿನ ಲೆಕ್ಕ

‘ದೇಶ ಸುತ್ತು, ಕೋಶ ಓದು’ ಎಂಬುದು ಒಂದು ಗಾದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬುದು ಇನ್ನೊಂದು. ಎರಡನ್ನೂ ಆಡಿದವರು ನಮ್ಮ ಹಿರಿಯರೇ, ಎರಡೂ ಸುಳ್ಳಲ್ಲ. ಆದರೆ ಒಬ್ಬನೇ ಗೃಹಸ್ಥನು ದೇಶವನ್ನೂ ಸುತ್ತಬೇಕು, ಕೂತೂ ಉಣ್ಣಬೇಕು ಎಂದು ಹೊರಟರೆ ಅವನು ಯಾವ ಗಾದೆಯನ್ನು ನಂಬಬೇಕು? ಈ ಪ್ರಶ್ನೆಯು ಕಳೆದ ಭಾನುವಾರ ಬೆಳಿಗ್ಗೆ, ಕಾಫಿಯ ಹೊತ್ತಿಗೆ ಸರಿಯಾಗಿ, ಸಿಂಗಸಂದ್ರದ ನಮ್ಮ ಮನೆಯ ಬಾಗಿಲನ್ನು ತಟ್ಟಿತು.

ಬಂದವರು ನಮ್ಮ ಬೀದಿಯ ಸ್ನೇಹಿತರು, ಸಪತ್ನೀಕರಾಗಿ. ವಯಸ್ಸು ಮೂವತ್ತೆಂಟು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹದಿನಾರು ವರ್ಷಗಳಿಂದ ದುಡಿಯುತ್ತಿರುವವರು. ಕೈಯಲ್ಲಿ ಮಗಳ ಶಾಲೆಯ ಹಳೆಯ ನೋಟುಬುಕ್ಕು. ಅದರಲ್ಲಿ ಲೆಕ್ಕಗಳು.

“ಮೇಷ್ಟ್ರೇ, ಒಂದು ವರ್ಷ ಕೆಲಸ ಬಿಡಬೇಕೆಂದಿದ್ದೇನೆ. ಥಾಯ್ಲೆಂಡಿನ ಚಿಯಾಂಗ್ ಮಾಯಿಯಲ್ಲಿ ಮೂವರೂ ಹೋಗಿ ಇರುವುದು. ಕೂಡಿಟ್ಟ ಹಣದಲ್ಲಿ ಜೀವನ. ಬ್ಯಾಂಕಿನವರನ್ನು ಕೇಳಿದರೆ ಸಾಲ ಕೊಡುತ್ತೇವೆ ಎನ್ನುತ್ತಾರೆ. ಊರಲ್ಲಿ ಅಪ್ಪನನ್ನು ಕೇಳಿದರೆ ಬೈಯುತ್ತಾರೆ. ನೀವಾದರೆ ಕೇಳಿಸಿಕೊಳ್ಳುತ್ತೀರಿ ಎಂದು ಬಂದೆ” ಎಂದರು.

ಕನ್ನಡ ಎಂ.ಎ. ಮಾಡಿದವನಿಗೆ ಲಕ್ಷಗಳ ಲೆಕ್ಕ ಒಪ್ಪಿಸುವುದರಲ್ಲಿ ಎಷ್ಟು ವಿವೇಕವಿದೆಯೋ ಕಾಣೆ. ಆದರೂ ಅವರ ಮುಖವನ್ನು ನೋಡಿದಾಗ ಹಾಸ್ಯಮಾಡಲು ಮನಸ್ಸು ಬರಲಿಲ್ಲ. “ಮೊದಲು ನನ್ನ ಆಯಾಸಕ್ಕೆಲ್ಲ ಹೊಸೂರು ರಸ್ತೆಯ ವಾಹನಗಳ ಸಂದಣಿಯೇ ಕಾರಣವೆಂದು ತಿಳಿದಿದ್ದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂತು. ಸಿಂಗಸಂದ್ರದಲ್ಲಿ ಹತ್ತಿದರೆ ಮೂರನೆಯ ನಿಲ್ದಾಣವೇ ಎಲೆಕ್ಟ್ರಾನಿಕ್ ಸಿಟಿ. ಸಂದಣಿ ತಪ್ಪಿತು, ಆಯಾಸ ಮಾತ್ರ ನನ್ನ ಜೊತೆಯಲ್ಲಿಯೇ ರೈಲು ಹತ್ತುತ್ತದೆ” ಎಂದು ಅವರು ಹೇಳಿದಾಗ, ಇದು ಶೋಕಿಯ ಪ್ರಯಾಣವಲ್ಲವೆಂದು ನನಗೆ ಮನವರಿಕೆಯಾಯಿತು.

ಇಂತಹ ಬಯಕೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದವರು. 1898ರಲ್ಲಿ ಜಪಾನನ್ನು ನೋಡಿಬಂದರು. 1908ರಲ್ಲಿ, ನಲವತ್ತೇಳರ ಆಸುಪಾಸಿನಲ್ಲಿ, ಸರ್ಕಾರಿ ಕೆಲಸವನ್ನು ತಾವಾಗಿಯೇ ಬಿಟ್ಟು ಪರದೇಶಗಳ ಪ್ರವಾಸಕ್ಕೆ ಹೊರಟರು. ಅವರು ಇಟಲಿಯಲ್ಲಿದ್ದಾಗಲೇ ನಿಜಾಮ ಸರ್ಕಾರದ ಕರೆ ಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಹಾಳುಗೆಡಹಿತ್ತು. ಪ್ರವಾಸವನ್ನು ಮುಗಿಸಿಕೊಂಡು 1909ರಲ್ಲಿ ಅವರು ಹೈದರಾಬಾದಿಗೆ ಬಂದರು, ಅದೇ ವರ್ಷದ ಕೊನೆಗೆ ಮೈಸೂರಿನ ಚೀಫ್ ಇಂಜಿನಿಯರಾದರು, 1912ರಲ್ಲಿ ದಿವಾನರಾದರು.

ನನ್ನ ಸ್ನೇಹಿತರಿಗೆ ಈ ಕಥೆ ಬಹಳ ಹಿಡಿಸಿತು. “ನೋಡಿದಿರಾ! ಬಿಟ್ಟು ಹೋದವರಿಗೇ ದೊಡ್ಡದು ದೊರೆಯಿತು” ಎಂದರು.

“ಕಥೆಯ ಇನ್ನೊಂದು ಭಾಗವನ್ನೂ ಕೇಳಿ” ಎಂದೆ. ವಿಶ್ವೇಶ್ವರಯ್ಯನವರಿಗೆ ಪೂರ್ಣ ಪಿಂಚಣಿಗೆ ಬೇಕಾದ ಇಪ್ಪತ್ತೈದು ವರ್ಷಗಳ ಸೇವೆ ತುಂಬಿರಲಿಲ್ಲ. ಆದರೂ ಸರ್ಕಾರವು ವಿಶೇಷವಾಗಿ ಪಿಂಚಣಿಯನ್ನು ಮಂಜೂರು ಮಾಡಿತು. ಮಡದಿ ಮಕ್ಕಳ ಹೊರೆ ಅವರಿಗಿರಲಿಲ್ಲ. ಅವರ ಹೆಸರು ಅವರಿಗಿಂತ ಮುಂಚೆಯೇ ಊರೂರಿಗೆ ತಲುಪಿತ್ತು. ಎಂದರೆ, ಹಿಂದಿರುಗಿ ಬರುವ ಹಾದಿಯಲ್ಲಿ ಅವರಿಗೆ ನೆರಳೂ ಇತ್ತು, ನೀರೂ ಇತ್ತು. ನಮ್ಮಂಥವರಿಗೆ ಇಟಲಿಗೆ ತಂತಿ ಬರುವುದಿಲ್ಲ. ಆದುದರಿಂದ ನಾವು ಹೋಗುವ ಖರ್ಚನ್ನು ಲೆಕ್ಕಹಾಕಿದರೆ ಸಾಲದು. ಬರುವ ಖರ್ಚನ್ನೂ ಲೆಕ್ಕಹಾಕಬೇಕು. ನನ್ನ ಬುದ್ಧಿಗೆ ತೋಚಿದುದು ಇಷ್ಟೇ.

ಅವರ ನೋಟುಬುಕ್ಕನ್ನು ತೆರೆದೆವು. ಠೇವಣಿ, ಮ್ಯೂಚುವಲ್ ಫಂಡು ಎಲ್ಲ ಸೇರಿ 42 ಲಕ್ಷ ರೂಪಾಯಿ. ಭವಿಷ್ಯನಿಧಿಯನ್ನು ಮುಟ್ಟಬಾರದೆಂದು ಅವರೇ ಹೊರಗಿಟ್ಟಿದ್ದರು; ಒಳ್ಳೆಯದು. ಪರದೇಶದ ಸಂಸಾರಕ್ಕೆ ತಿಂಗಳಿಗೆ 1,25,000ದಂತೆ ವರ್ಷಕ್ಕೆ 15 ಲಕ್ಷ. ವಿಮಾನ, ವೀಸಾ, ಪ್ರವಾಸದ ವಿಮೆ ಎಲ್ಲ ಸೇರಿ 3 ಲಕ್ಷ. ಒಟ್ಟು 18. “ಇನ್ನೂ 24 ಲಕ್ಷ ಉಳಿಯುತ್ತದೆ” ಎಂದು ಪುಟದ ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಎರಡು ಗೆರೆಯ ಕೆಳಗೆ ನಾನು ಬರೆಯತೊಡಗಿದೆ. ನಾವು ಪರದೇಶಕ್ಕೆ ಹೋದರೂ ಮನೆಯ ಸಾಲದ ಕಂತು ನಮ್ಮೊಡನೆ ವಿಮಾನ ಹತ್ತುವುದಿಲ್ಲ. ಅದು ತಿಂಗಳಿಗೆ 48,000. ಹಾಸನದ ಹತ್ತಿರದ ಊರಿನಲ್ಲಿರುವ ತಂದೆತಾಯಿಗಳಿಗೆ ಕಳಿಸುವುದು 15,000. ಜೀವವಿಮೆ, ಆರೋಗ್ಯವಿಮೆಗಳಿಗೆ 10,000. ಈ ಕೊನೆಯ ಬಾಬ್ತು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಏಕೆಂದರೆ ಇಷ್ಟು ವರ್ಷವೂ ಕಂಪೆನಿಯ ಗುಂಪುವಿಮೆಯೇ ಅವರನ್ನು ಕಾದಿತ್ತು. ಕೆಲಸ ಬಿಟ್ಟ ಮೇಲೆ ಆ ಕೊಡೆ ಮುಚ್ಚಿಕೊಳ್ಳುತ್ತದೆ. ಸ್ವಂತದ ವಿಮೆಯನ್ನು ಕೆಲಸದಲ್ಲಿರುವಾಗಲೇ ಮಾಡಿಸತಕ್ಕದ್ದು. ಏಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ವಿಮೆಯವರು ಮೂರು ವರ್ಷಗಳವರೆಗೂ ಕಾಯಿಸುವುದುಂಟು. ಈ ಮೂರೂ ಸೇರಿ ತಿಂಗಳಿಗೆ 73,000. ಮನೆಯನ್ನು ಬಾಡಿಗೆಗೆ ಕೊಟ್ಟರೆ 28,000 ಬರುತ್ತದೆ. ಕಳೆದು ಉಳಿದುದು 45,000, ವರ್ಷಕ್ಕೆ 5,40,000.

ಮುಂದೆ ರೂಪಾಯಿಯ ವಿಚಾರ. ಕೂಡಿಡುವುದು ರೂಪಾಯಿಯಲ್ಲಿ, ಉಣ್ಣುವುದು ಬೇರೆ ನಾಣ್ಯದಲ್ಲಿ. 2013ರ ಪ್ರಾರಂಭದಲ್ಲಿ ಡಾಲರಿಗೆ 55 ರೂಪಾಯಿಯ ಆಸುಪಾಸಿನಲ್ಲಿದ್ದ ದರವು ಅದೇ ಆಗಸ್ಟಿನಲ್ಲಿ 68ನ್ನು ದಾಟಿತು. ಆ ಎಂಟು ತಿಂಗಳು ಡಾಲರಿನ ನಾಡಿನಲ್ಲಿ ರೂಪಾಯಿಯ ಗಂಟನ್ನು ಬಿಚ್ಚಿ ಉಣ್ಣುತ್ತಿದ್ದವನ ತಟ್ಟೆಯಿಂದ ಹೆಚ್ಚುಕಡಿಮೆ ಐದರಲ್ಲಿ ಒಂದು ತುತ್ತನ್ನು ಯಾರೋ ತೆಗೆದುಕೊಂಡು ಹೋದಂತಾಯಿತು. ಇದಕ್ಕಾಗಿ ನೂರಕ್ಕೆ ಹತ್ತರಂತೆ 1,50,000 ಬರೆದೆ. ಊರಿನಿಂದ ಕೆಟ್ಟ ಸುದ್ದಿ ಬಂದರೆ ಆ ಗಳಿಗೆಯಲ್ಲಿಯೇ ಹೊರಡಬೇಕು. ಆಸ್ಪತ್ರೆಯ ಮುಂಗಡವನ್ನೂ ಕಟ್ಟಬೇಕು. ಅದಕ್ಕೆ 4 ಲಕ್ಷ. ಈ ಸಾಲನ್ನು ಬರೆಯುವಾಗ ಇಬ್ಬರೂ ಮಾತಾಡಲಿಲ್ಲ.

ಕಾನೂನಿನ ಎರಡು ಮಾತು. ಭಾರತದ ನಿವಾಸಿಯೊಬ್ಬನು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರಿನವರೆಗೆ ಪರದೇಶಕ್ಕೆ ಕಳಿಸಬಹುದು. ಅಷ್ಟು ಹಣ ನಮ್ಮಲ್ಲಿಲ್ಲವಾದುದರಿಂದ ಆ ಮಿತಿಯ ಚಿಂತೆಯಿಲ್ಲ. ಆದರೆ ವಿದ್ಯಾಭ್ಯಾಸ, ಚಿಕಿತ್ಸೆಗಳಿಗಲ್ಲದೆ ಇಂತಹ ವಾಸದ ಖರ್ಚಿಗೆ ಕಳಿಸುವ ಹಣ ವರ್ಷದಲ್ಲಿ 10 ಲಕ್ಷ ರೂಪಾಯಿಯನ್ನು ಮೀರಿದರೆ, ಮೀರಿದ ಭಾಗದ ಮೇಲೆ ಬ್ಯಾಂಕು ನೂರಕ್ಕೆ ಇಪ್ಪತ್ತರಂತೆ ತೆರಿಗೆ ಹಿಡಿಯುತ್ತದೆ. ಆದಾಯ ತೆರಿಗೆಯ ವಿವರವನ್ನು ಸಲ್ಲಿಸಿದಾಗ ಅದು ಜಮೆಗೆ ಬರುತ್ತದೆ, ನಿಜ. ಆದರೆ ಸಂಬಳವಿಲ್ಲದ ವರ್ಷದಲ್ಲಿ, ಬರುವವರೆಗೆ ಆ ಹಣ ಕೈಯಲ್ಲಿ ಇಲ್ಲವಲ್ಲ!

ಇನ್ನು ವೀಸಾ. ಪ್ರವಾಸಿಯ ವೀಸಾದಲ್ಲಿ ವರ್ಷಗಟ್ಟಲೆ ಸಂಸಾರ ಹೂಡಲು ಯಾವ ದೇಶವೂ ಸುಲಭವಾಗಿ ಬಿಡುವುದಿಲ್ಲ. ದೂರದಿಂದ ಕೆಲಸ ಮಾಡುವವರಿಗೂ, ಅಡುಗೆ ಮುಂತಾದ ಅಲ್ಲಿನ ವಿದ್ಯೆಗಳನ್ನು ಕಲಿಯಬರುವವರಿಗೂ ಥಾಯ್ಲೆಂಡ್ 2024ರಲ್ಲಿ ಹೊಸ ವೀಸಾವೊಂದನ್ನು ತಂದಿತು. ಅದರಲ್ಲಿ ಒಂದು ಸಲದ ಪ್ರವೇಶಕ್ಕೆ 180 ದಿನಗಳ ವಾಸ. ಕೈಯಲ್ಲಿ 5 ಲಕ್ಷ ಬಾತ್ ಇದೆಯೆಂಬ ರುಜುವಾತು ಬೇಕು. ನಮ್ಮ ಹಣದಲ್ಲಿ ಅದು ಹದಿನಾಲ್ಕು ಲಕ್ಷದ ಆಸುಪಾಸು. ನಿಯಮಗಳು ಬದಲಾಗುತ್ತಿರುವುದರಿಂದ, ಟಿಕೇಟು ಕೊಳ್ಳುವ ಮುನ್ನ ರಾಯಭಾರ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು.

ಕಡೆಯದಾಗಿ, ಹಿಂದಿರುಗಿದ ಮೇಲಿನ ಖರ್ಚು. ಕೆಲಸ ಸಿಗುವವರೆಗೆ ಆ 73,000ದ ಜೊತೆಗೆ ಇಲ್ಲಿನ ಮನೆಖರ್ಚು 60,000. ಒಟ್ಟು ತಿಂಗಳಿಗೆ 1,33,000. “ಎಷ್ಟು ತಿಂಗಳು ಬರೆಯಲಿ?” ಎಂದೆ.

“ಆರು ಬರೆಯಿರಿ. ಅದೇ ಹೆಚ್ಚು” ಎಂದರು. ಆರು ತಿಂಗಳಿಗೆ 7,98,000. ಎಲ್ಲವನ್ನೂ ಕೂಡಿದರೆ 36,88,000 ಆಯಿತು. 42ರಲ್ಲಿ ಉಳಿಯುವುದು 5,12,000. ಅವರ ಮುಖ ಅರಳಿತು. “ಆಗುತ್ತದೆ ಎಂದಾಯಿತಲ್ಲ!”

ಅಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಅವರ ಪತ್ನಿ ಆಗ ಬಾಯಿಬಿಟ್ಟರು. “ಆರು ತಿಂಗಳು ಎಂದು ನಿಮಗೆ ಯಾರು ಹೇಳಿದರು?”

ನಾವಿಬ್ಬರೂ ಅವರತ್ತ ತಿರುಗಿದೆವು.

“ಮಗಳು ಹುಟ್ಟಿದಾಗ ನಾನು ಕೆಲಸ ಬಿಟ್ಟೆ. ಅವಳಿಗೆ ಮೂರು ತುಂಬಿದ ಮೇಲೆ ಮತ್ತೆ ಹುಡುಕಲು ಹೊರಟೆ. ಹದಿನಾಲ್ಕು ತಿಂಗಳು ಹುಡುಕಿದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ‘ಈ ನಡುವೆ ಏನು ಮಾಡುತ್ತಿದ್ದಿರಿ?’ ಕೊನೆಗೆ ಸಿಕ್ಕಿದ ಕೆಲಸಕ್ಕೆ ಮೊದಲಿನ ಸಂಬಳದ ಅರ್ಧವೂ ಇರಲಿಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವುದಕ್ಕೇ ಅದು ಸರಿಹೋಗುತ್ತದೆಂದು ಬಿಟ್ಟೆ. ಈ ಮನೆಯಲ್ಲಿ ನಡುವೆ ಕೆಲಸ ಬಿಟ್ಟು ಹಿಂದಿರುಗಲು ನೋಡಿದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ.”

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದ ಒಂದು ಅಂಕಿಯನ್ನು ತೋರಿಸುವವರಂತೆ ಹೇಳಿದರು. ಸ್ನೇಹಿತರು ನೆಲವನ್ನು ನೋಡುತ್ತ ಕುಳಿತರು. ನನಗೂ ನಾಚಿಕೆಯಾಯಿತು. ಮುಂಬಯಿ ಪ್ರಾಂತದವರೆಗೂ, ಇಟಲಿಯವರೆಗೂ ಹೋಗಿ ದೃಷ್ಟಾಂತ ಹುಡುಕಿದ ನಾನು, ಎದುರಿನ ಕುರ್ಚಿಯಲ್ಲಿ ಕುಳಿತ ದೃಷ್ಟಾಂತವನ್ನು ಕಾಣದೆಹೋದೆ.

ಆರನ್ನು ಹೊಡೆದುಹಾಕಿ ಹದಿನಾಲ್ಕು ಬರೆದೆ. ಹದಿನಾಲ್ಕು ತಿಂಗಳಿಗೆ 18,62,000. ಒಟ್ಟು ಖರ್ಚು 47,52,000ಕ್ಕೆ ಏರಿತು. ಇರುವುದಕ್ಕಿಂತ 5,52,000 ಹೆಚ್ಚು. ಕುಡಿಕೆ ಬರಿದಾಗಿ, ಮೇಲೆ ಸಾಲ.

“ಹಾಗಾದರೆ ಬೇಡವೆನ್ನುತ್ತೀಯಾ?” ಎಂದು ಅವರು ಮೆಲ್ಲನೆ ಕೇಳಿದರು.

“ಬೇಡವೆಂದು ನಾನೆಲ್ಲಿ ಹೇಳಿದೆ? ರಾತ್ರಿ ನಿಮಗೆ ನಿದ್ದೆ ಬರದಿರುವುದನ್ನು ನೋಡುತ್ತಿರುವವಳೂ ನಾನೇ. ಆರು ತಿಂಗಳು ಹೋಗೋಣ. ಏಪ್ರಿಲಿನಲ್ಲಿ ಹೊರಟರೆ ಬೇಸಿಗೆಯ ರಜೆ ಅದರಲ್ಲಿಯೇ ಸೇರುತ್ತದೆ. ಶಾಲೆಯವರು ಜಾಗ ಉಳಿಸಿಕೊಡುತ್ತಾರೆಯೇ ಎಂದು ಮೊದಲೇ ಬರಹದಲ್ಲಿ ಕೇಳೋಣ. ಪಾಠ ನೀವು ಹೇಳಿಕೊಡಿ.”

ಮತ್ತೆ ಕೂಡಿದೆವು. ಅಲ್ಲಿನ ಆರು ತಿಂಗಳಿಗೆ 7,50,000. ಪ್ರಯಾಣಕ್ಕೆ 3 ಲಕ್ಷ. ಇಲ್ಲಿನ ಕಂತು ಮೊದಲಾದವಕ್ಕೆ 2,70,000. ಹಿಂದಿರುಗಿದ ಮೇಲಿನ ಹದಿನಾಲ್ಕು ತಿಂಗಳಿಗೆ 18,62,000. ಆಪತ್ತಿಗೆ 4 ಲಕ್ಷ. ನಾಣ್ಯದ ಏರುಪೇರಿಗೆ 75,000. ಒಟ್ಟು 36,57,000. ಉಳಿಯುವುದು 5,43,000. ಆರೇ ತಿಂಗಳಿಗೆ ಬಾಡಿಗೆದಾರ ದೊರೆಯದೆಹೋದರೂ 3,75,000 ಕೈಯಲ್ಲಿರುತ್ತದೆ. ಕಳಿಸುವ ಹಣವೂ 10 ಲಕ್ಷದ ಒಳಗೇ ನಿಂತಿತು. ವಾಸವೂ 180 ದಿನಗಳಿಗೆ ಹೊಂದಿತು.

ಇನ್ನೊಂದು ಮಾತು ಸೇರಿಸಿದೆ: ರಾಜೀನಾಮೆ ಬರೆಯುವ ಮೊದಲು ಸಂಬಳವಿಲ್ಲದ ರಜೆಯನ್ನು ಕೇಳಿ ನೋಡಿರಿ, ಕೊಟ್ಟರೆ ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ತೆಗೆದುಕೊಳ್ಳಿರಿ. ಕೊಡದಿದ್ದರೆ, ಈಗಿನ ಕಂಪೆನಿಯಲ್ಲಿ ಐದು ವರ್ಷ ತುಂಬಿದೆಯೇ ನೋಡಿಕೊಳ್ಳಿರಿ. ಖಾಯಂ ನೌಕರನಿಗೆ ಗ್ರಾಚ್ಯುಯಿಟಿ ದೊರೆಯುವುದು ಐದು ವರ್ಷಗಳ ಸತತ ಸೇವೆಗೆ. ವರ್ಷವೊಂದಕ್ಕೆ ಹದಿನೈದು ದಿನಗಳ ವೇತನದಂತೆ. ಕೆಲವೇ ತಿಂಗಳು ತಡೆದು ಹೊರಟರೆ ಅದೊಂದು ಬುತ್ತಿಯಾದೀತು.

ದುಡಿದು ದಣಿದವನು ನಡುವೆ ಒಮ್ಮೆ ಕುಳಿತುಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ಎತ್ತಿಗೂ ನಡುಹಗಲಿನಲ್ಲಿ ನೊಗ ಇಳಿಸುತ್ತೇವೆ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟ ಮೇಲೆ, 1919–20ರಲ್ಲಿ, ಮತ್ತೆ ಲೋಕವನ್ನು ಸುತ್ತಿದರು; ಭಾರತದ ಪುನರ್ನಿರ್ಮಾಣವನ್ನು ಕುರಿತ ಅವರ ಗ್ರಂಥವು 1920ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನನ್ನ ಸ್ನೇಹಿತರು ಗ್ರಂಥವನ್ನು ಬರೆಯಬೇಕಾಗಿಲ್ಲ. ಆರು ತಿಂಗಳು ನಿದ್ದೆಮಾಡಿ, ಮಗಳೊಡನೆ ಕುಳಿತು ಊಟಮಾಡಿ ಬಂದರೆ ಸಾಕು. ಗಾದೆಯನ್ನು ಕಟ್ಟಿದ ಹಿರಿಯರು ಕೂತು ಉಣ್ಣಬೇಡವೆಂದು ಹೇಳಲಿಲ್ಲ. ಕುಡಿಕೆಯ ತಳವನ್ನು ನೋಡಿಕೊಂಡು ಕುಳಿತುಕೋ ಎಂದರು.

ವಾಚಕರಲ್ಲಿ ಯಾರಿಗಾದರೂ ಇಂತಹ ಯೋಚನೆಯಿದ್ದರೆ ಲೆಕ್ಕವನ್ನು ಅವಶ್ಯವಾಗಿ ಬರೆಯಿರಿ. ಆದರೆ ಹಿಂದಿರುಗುವ ಪುಟವನ್ನು ಮೊದಲು ಬರೆಯಿರಿ. ಅದನ್ನು ಬರೆಯುವಾಗ, ಮನೆಯಲ್ಲಿ ಈಗಾಗಲೇ ಒಮ್ಮೆ ಆ ದಾರಿಯನ್ನು ನಡೆದವರು ಇದ್ದಾರೆಯೇ ಎಂದು ತಿರುಗಿ ನೋಡಿರಿ.

ಅಷ್ಟರಲ್ಲಿ ನಮ್ಮ ಕಾಫಿ ಆರಿಹೋಗಿತ್ತು. ನನ್ನಾಕೆ ಲೋಟಗಳನ್ನು ಒಳಗೆ ಕೊಂಡೊಯ್ದು, ಬಿಸಿಯಾಗಿ ಬೇರೆಯದನ್ನೇ ಮಾಡಿ ತಂದಳು. ಮೊದಲ ಲೋಟವನ್ನು ಆ ಗೃಹಿಣಿಯ ಕೈಗೆ ಕೊಟ್ಟಳು. ಸ್ನೇಹಿತರು ನೋಟುಬುಕ್ಕನ್ನು ಮುಚ್ಚಿದವರು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ; ಪತ್ನಿಯ ಕೈಗೆ ಕೊಟ್ಟರು.